ಕಾಮೆಂಟರಿ ಇಲ್ಲದೆ ಆಟದ ಮಾತು: ನನ್ನ ಅನುಭವ

ಎಫ್‌ಎಂನಲ್ಲಿ ಹಾಡು ನಿಲ್ಲಿಸಿ ಒಂದು ಗಂಟೆ ಆಟದ ಬಗ್ಗೆ ಮಾತಾಡಿದರೆ ಯಾರೂ ಕೇಳಲ್ಲ ಅಂದವರೇ ಜಾಸ್ತಿ. ಈಗ ನಮ್ಮ ಭಾನುವಾರದ ಕಾರ್ಯಕ್ರಮಕ್ಕೆ ಪ್ರಾಯೋಜಕರು ತಾವಾಗಿಯೇ ಬರುತ್ತಿದ್ದಾರೆ.

ನಿಯಮ ನಿಮಗೆ ಗೊತ್ತೇ ಇದೆ. 2011ರ ಮೂರನೇ ಹಂತದ ನೀತಿಯಲ್ಲಿ ಖಾಸಗಿ ಎಫ್‌ಎಂಗೆ ಸಿಕ್ಕಿದ್ದು ಸ್ಥಳೀಯ ಆಟಗಳ ನೇರ ಕಾಮೆಂಟರಿ ಮಾತ್ರ. ದೊಡ್ಡ ಪಂದ್ಯದಲ್ಲಿ ನಮಗೆ ಉಳಿಯೋದು ಬರೀ ಹರಟೆ.

ಮೊದಲು ಮಾಜಿ ಆಟಗಾರರನ್ನು ಕೂರಿಸಿದೆ. ಒಬ್ಬೊಬ್ಬರಿಗೆ ನಾಲ್ಕೈದು ಸಾವಿರ ಕೈಯಿಂದ ಹೋಗುತ್ತಿತ್ತು. "ಹುಡುಗರು ಚೆನ್ನಾಗಿ ಆಡ್ತಿದ್ದಾರೆ" ಅಂತ ಹೇಳಿ ಎದ್ದು ಹೋಗುತ್ತಿದ್ದರು. ಆಮೇಲೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ತರಿಸಿದೆ. ರಾಶಿ ಬಂದವು. ಆದರೆ ಅದರಲ್ಲಿ ಒಬ್ಬರಿಗೊಬ್ಬರು ಎದುರಾಡೋಕೆ ಆಗಲ್ಲ ಅಲ್ವಾ? ಆ ಗಂಟೆಯ ಸ್ಲಾಟ್‌ಗೆ ಅಂತ ಸ್ಟೇಷನ್‌ಗೆ ಕಟ್ಟಿದ ದುಡ್ಡಲ್ಲಿ ಅರ್ಧವೂ ವಾಪಸ್ ಬರಲಿಲ್ಲ. ಮೊದಲ ವರ್ಷವೇ ಲಕ್ಷದ ಹತ್ತಿರ ಹೋಯಿತು.

ಕೈ ಹಿಡಿದಿದ್ದು ಇದು: ವಾರಕ್ಕೆ ಒಂದೇ ಪ್ರಶ್ನೆ, ಎರಡೇ ಪಕ್ಷ. 1974ರ ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಮಣಿಸಿದ್ದು ವಿಶ್ವನಾಥ್ ಹೊಡೆದ 162 ರನ್ನೋ, ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಪ್ರಸನ್ನರ ಚೆಂಡೋ? ಅವತ್ತು ಲೈನ್ ಖಾಲಿಯೇ ಆಗಲಿಲ್ಲ. ಸ್ಟ್ಯಾಂಡಿನಲ್ಲಿ ಕೂತು ಪಂದ್ಯ ನೋಡಿದ್ದ ಹಿರಿಯರೊಬ್ಬರು ಪ್ರಸನ್ನರ ಪರ. ಇನ್ನೊಂದು ಲೈನಿನಲ್ಲಿ ಕಾಲೇಜು ಹುಡುಗ. "ಸರ್, ನಮ್ಮವರು 385 ಹೊಡೆಯದೇ ಇದ್ದಿದ್ರೆ ಗೆಲ್ಲಿಸಿದ ಆ ಮೊದಲ ಇನಿಂಗ್ಸ್ ಲೀಡ್ ಎಲ್ಲಿಂದ ಬರ್ತಿತ್ತು?" ಅಂದ. "ಅಪ್ಪಾ, ಗಾವಸ್ಕರ್ ನಿಂತಿದ್ದಿದ್ರೆ ಅದೂ ಸಾಲ್ತಿರಲಿಲ್ಲ" ಅಂದರು ಅವರು. ಇಬ್ಬರನ್ನೂ ಒಟ್ಟಿಗೆ ಬಿಟ್ಟು ನನ್ನ ಮೈಕಿನ ದನಿ ಪೂರ್ತಿ ಇಳಿಸಿದೆ. ಮೂರ್ನಾಲ್ಕು ನಿಮಿಷ ತುಟಿ ಬಿಚ್ಚಲಿಲ್ಲ. ಅಷ್ಟು ಹೊತ್ತು ಸುಮ್ನೆ ಕೂರೋ ನಿರೂಪಕರು ಕಮ್ಮಿ.

ಫೋನ್ ಎತ್ತುವವರಿಗೆ ಒಳ್ಳೆ ಸಂಬಳ ಕೊಡಿ, ಅಲ್ಲಿ ಉಳಿತಾಯ ಬೇಡ. ನಮ್ಮ ಹುಡುಗಿ ಎರಡೇ ಮಾತು ಕೇಳುತ್ತಾಳೆ: ಯಾವ ಪಕ್ಷ, ಯಾಕೆ? ತಡವರಿಸಿದರೆ ಏರ್‌ಗೆ ಇಲ್ಲ. ಬೈಗುಳ ಕತ್ತರಿಸೋಕೆ, ಮಾತನ್ನು ಏಳೆಂಟು ಸೆಕೆಂಡ್ ತಡವಾಗಿ ಏರ್‌ಗೆ ಬಿಡುವ ಡಿಲೇ ಸಾಕು. ಮೊದಲ ಕಾಲರ್‌ನನ್ನು ಹೇಗೆ ಆರಿಸುತ್ತೇವೆ ಅನ್ನೋದನ್ನು ಮಾತ್ರ ಹೇಳಲ್ಲ, ಅದು ನಮ್ಮ ಅನ್ನ.

2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಲೀಗ್ ಗೆದ್ದ ಮೇಲೆ ಕಬಡ್ಡಿಯನ್ನೂ ಪ್ರಯತ್ನಿಸಿದೆ. ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಪಾಯಿಂಟ್ ತಂದಿದ್ದರಲ್ಲ, ಆ ರೇಡ್‌ಗಳ ಮೇಲೆ. ಕರೆ ಮಾಡಿದವರಲ್ಲಿ ಮುಕ್ಕಾಲು ಪಾಲು ಸ್ವತಃ ಆಡುವವರು. ವಾದ ಹುಟ್ಟಲಿಲ್ಲ, ಒಳ್ಳೆ ಪಾಠ ಹುಟ್ಟಿತು. ಅದನ್ನು ತಿಂಗಳಿಗೊಮ್ಮೆ ಇಟ್ಟುಕೊಂಡಿದ್ದೇನೆ. ಜೆರ್ಸಿ ಪ್ರಿಂಟ್ ಮಾಡುವ ಅಂಗಡಿಯವರೊಬ್ಬರು ಆ ಗಂಟೆಯನ್ನೇ ವರ್ಷಕ್ಕೆ ಹಿಡಿದಿದ್ದಾರೆ, ಮುಂಗಡವನ್ನೂ ಕೊಟ್ಟಾಯ್ತು.