ಪೈಥಾನ್‌ನಲ್ಲಿ ದುಡ್ಡಿನ ಲೆಕ್ಕ: ಪೈಸೆ ತಪ್ಪೋದು ಎಲ್ಲಿ?

ಜಿಎಸ್‌ಟಿ, ಬಡ್ಡಿ, ಇಎಂಐ ಲೆಕ್ಕಕ್ಕೆ ಪೈಥಾನ್ ಬಳಸುವವರು ಮೊತ್ತವನ್ನು ಫ್ಲೋಟ್‌ನಲ್ಲಿ ಇಡಬೇಡಿ; ಫ್ಲೋಟ್ ಅಂದರೆ ದಶಮಾಂಶ ಸಂಖ್ಯೆಯನ್ನು ಬೈನರಿಯಲ್ಲಿ (0, 1ರಲ್ಲಿ) ಇಡುವ ಬಗೆ. ರೌಂಡ್(2.675, 2) ಕೊಟ್ಟು ನೋಡಿ, 2.68 ಅಲ್ಲ, 2.67 ಬರುತ್ತೆ. ಬೈನರಿಯಲ್ಲಿ 2.675 ಕರಾರುವಾಕ್ಕಾಗಿ ಕೂರೋದಿಲ್ಲ, ಒಳಗಿರೋದು 2.67499999...

ದಶಮಾಂಶವನ್ನು ಬರೆದ ಹಾಗೇ ಇಡುವ ಡೆಸಿಮಲ್ ಮಾಡ್ಯೂಲ್ ಬಳಸಿ. ಆದರೆ ಸಂಖ್ಯೆಯನ್ನು ಕೋಟ್ಸ್ ಒಳಗೆ, ಸ್ಟ್ರಿಂಗ್ (ಪಠ್ಯ) ಆಗಿಯೇ ಕೊಡಿ. ಫ್ಲೋಟನ್ನೇ ಕೊಟ್ಟರೆ ಅದರ ಕೊಳೆಯೂ ಜೊತೆಗೇ ಬರುತ್ತೆ. ಆಮೇಲೆ ದಶಮಾಂಶ ಸ್ಥಾನ ನಿಗದಿ ಮಾಡುವ ಕ್ವಾಂಟೈಸ್‌ನಲ್ಲಿ "0.01" ಜೊತೆ ರೌಂಡ್_ಹಾಫ್_ಅಪ್ (ಸರಿಯಾಗಿ ಅರ್ಧ ಬಂದರೆ ಮೇಲಕ್ಕೆ) ಅಂತ ಬರೆಯಲೇಬೇಕು. ಬಿಟ್ಟರೆ ಡೀಫಾಲ್ಟ್ ಹಾಫ್ ಈವನ್ (ಅರ್ಧ ಬಂದರೆ ಸಮ ಅಂಕಿಯ ಕಡೆಗೆ): "2.665" ಹೋಗಿ 2.66 ಆಗುತ್ತೆ, ಎಕ್ಸೆಲ್‌ನ ರೌಂಡ್ 2.67 ಅನ್ನುತ್ತೆ. ಟ್ಯಾಲಿ ಆಗದ ಪೈಸೆಗಳ ಜಗಳ ಹುಟ್ಟೋದೇ ಇಲ್ಲಿ.

ಕೋಷ್ಟಕ ಓದುವ ಪೈಥಾನ್ ಲೈಬ್ರರಿ ಪಾಂಡಾಸ್‌ನ ರೀಡ್_ಸಿಎಸ್‌ವಿ, ದಶಮಾಂಶ ಕಂಡ ಕೂಡಲೇ ಕಾಲಂ ಅನ್ನು ಫ್ಲೋಟ್ ಮಾಡಿಬಿಡುತ್ತೆ. ಡಿಟೈಪ್ (ಕಾಲಂನ ಬಗೆ) ಸ್ಟ್ರಿಂಗ್ ಅಂತ ಹೇಳಿ ಓದಿಸಿ. ಲಕ್ಷಗಟ್ಟಲೆ ಸಾಲುಗಳಿದ್ದರೆ ಡೆಸಿಮಲ್ ನಿಧಾನ, ಪೈಸೆ ಲೆಕ್ಕದಲ್ಲಿ ಇಂಟ್64 (ಪೂರ್ಣಾಂಕ) ಇಟ್ಟುಕೊಳ್ಳೋದೇ ವಾಸಿ.

ಸಾಲದ ಕಂತುಗಳ ಪಟ್ಟಿಗೆ ಒಂದು ಮಾತು. 5 ಲಕ್ಷ, ವಾರ್ಷಿಕ 9%, 60 ಕಂತು ಅಂದರೆ ಇಎಂಐ 10,379.18. ಬಡ್ಡಿಯನ್ನು ಆಯಾ ತಿಂಗಳೇ ಪೈಸೆಗೆ ರೌಂಡ್ ಮಾಡಿ, ಉಳಿದ ಚೂರುಪಾರನ್ನು ಕೊನೆಯ ಕಂತಿನಲ್ಲಿ ಸರಿಹೊಂದಿಸಿ.

ಮಾಂಟೆ ಕಾರ್ಲೊ (ಯಾದೃಚ್ಛಿಕ ಸಂಖ್ಯೆಗಳಿಂದ ಮಾಡುವ ಅಂದಾಜು), ಷೇರು ಏರಿಳಿತದ ಅಂದಾಜಿಗೆಲ್ಲ ನಂಪೈ (ಪೈಥಾನ್‌ನ ಗಣಿತ ಲೈಬ್ರರಿ) ಫ್ಲೋಟ್ ಧಾರಾಳವಾಗಿ ಸಾಕು.