ವಾಪಸ್ ಬಂದ ದುಡ್ಡು ಆದಾಯವಲ್ಲ: ಗ್ನುಕ್ಯಾಶ್‌ನಲ್ಲಿ ರೀಫಂಡ್ ಬರೆದ ಬಗೆ

ಪುಣೆಯ ನಮ್ಮ ಮನೆಯ ಲೆಕ್ಕವೆಲ್ಲ ಗ್ನುಕ್ಯಾಶ್ ಅನ್ನೋ ಲೆಕ್ಕ ಬರೆಯುವ ಸಾಫ್ಟ್‌ವೇರ್‌ನಲ್ಲಿದೆ. ಅಕ್ಟೋಬರ್ ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದ 2,400 ರೂಪಾಯಿಯ ಕುರ್ತಾ ಅಳತೆಗೆ ಸರಿಹೋಗದೆ ವಾಪಸ್ ಹೋಯಿತು. ದುಡ್ಡು ಬಂದದ್ದು ನವೆಂಬರ್‌ನಲ್ಲಿ. ಬ್ಯಾಂಕಿನ ಫೈಲ್ ಇಂಪೋರ್ಟ್ ಮಾಡಿದಾಗ ಆ ಮೊತ್ತ 'ಇಂಬ್ಯಾಲೆನ್ಸ್' ಖಾತೆಯಲ್ಲಿ, ಅಂದರೆ ಯಾವ ಲೆಕ್ಕಕ್ಕೆ ಅಂತ ಗೊತ್ತಾಗದ ಮೊತ್ತ ಸೇರುವ ಜಾಗದಲ್ಲಿ, ಕೂತಿತ್ತು.

ಅದನ್ನು 'ಇತರೆ ಆದಾಯ'ಕ್ಕೆ ಹಾಕಿದರೆ ಸುಲಭ. ಆದರೆ ಆಗ ಸಂಪಾದನೆಯೂ ಜಾಸ್ತಿ, ಬಟ್ಟೆ ಖರ್ಚೂ ಜಾಸ್ತಿ ಅಂತ ತೋರಿಸುತ್ತದೆ. ಎರಡೂ ಸುಳ್ಳು ಅಲ್ವಾ?

ಸರಿಯಾದ ಜಾಗ ಬಟ್ಟೆಯ ಖರ್ಚಿನ ಖಾತೆಯೇ. ಅಲ್ಲಿ ಎಕ್ಸ್‌ಪೆನ್ಸ್ ಪಕ್ಕದಲ್ಲೇ ಖರ್ಚನ್ನು ಇಳಿಸುವ ರಿಬೇಟ್ ಅನ್ನೋ ಕಾಲಂ ಇದೆ. ರೀಫಂಡ್ ಮೊತ್ತ ಅದರಲ್ಲಿ, ಎದುರು ಖಾತೆ (ದುಡ್ಡು ಸೇರಿದ ಕಡೆ) ಬ್ಯಾಂಕ್. ಡೆಲಿವರಿ ಚಾರ್ಜ್ ವಾಪಸ್ ಬರಲಿಲ್ಲ, ಅದು ಖರ್ಚಾಗಿಯೇ ಉಳಿಯಿತು. ಕಾರ್ಡಿನಲ್ಲಿ ಕೊಂಡಿದ್ದರೆ ಎದುರು ಖಾತೆ ಕ್ರೆಡಿಟ್ ಕಾರ್ಡ್, ಸಾಲ ಅಷ್ಟು ಇಳಿಯುತ್ತದೆ.

ತಾರೀಖು? ದುಡ್ಡು ಬಂದ ದಿನವೇ. ಕೊಂಡ ದಿನಕ್ಕೆ ಹಾಕಿದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವಾಗ ಸುಮ್ನೆ ತಲೆನೋವು. ನವೆಂಬರ್ ಬಟ್ಟೆ ಖರ್ಚು ಮೈನಸ್‌ನಲ್ಲಿ ಕಂಡರೂ ಪರವಾಗಿಲ್ಲ, ವರ್ಷದ ಲೆಕ್ಕ ಸರಿ ಇರುತ್ತದೆ.

ಈಗ ಆಸ್ತಿ ಗುಂಪಿನಲ್ಲಿ 'ಬರಬೇಕಾದ ರೀಫಂಡ್' ಅಂತ ಒಂದು ಖಾತೆಯನ್ನೂ ಮಾಡಿದ್ದೇನೆ. ವಸ್ತು ವಾಪಸ್ ಕೊಟ್ಟ ದಿನ ಖರ್ಚಿನಿಂದ ಇದಕ್ಕೆ, ದುಡ್ಡು ಬಂದ ದಿನ ಇದರಿಂದ ಬ್ಯಾಂಕಿಗೆ. ಬಾಕಿ ಸೊನ್ನೆ ಆಗದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾಗುತ್ತದೆ. ಲಕ್ಷ್ಮಿ ರಸ್ತೆಯ ಅಂಗಡಿಗಳಲ್ಲಿ ನಗದಿನ ಬದಲು ಕ್ರೆಡಿಟ್ ನೋಟ್ (ಅಷ್ಟು ಮೊತ್ತಕ್ಕೆ ಮುಂದೆ ಕೊಳ್ಳಬಹುದಾದ ಚೀಟಿ) ಕೊಟ್ಟರೆ ಅದೂ ಇಲ್ಲಿಗೇ.