ಸ್ಟೆಮ್ ಸೆಲ್ ದಾನಕ್ಕೆ ಹೆಸರು ಕೊಡುವ ಮೊದಲು ಬಾಯಿ ಮುಕ್ಕಳಿಸಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ರಕ್ತದಾನಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲಕೋಶದ ದಾನ ಎಂದರೆ ಮಾತ್ರ ಕೆಲವರು ಹೆದರಿ ದೂರ ನಿಲ್ಲುತ್ತಾರೆ. ಇನ್ನು ಕೆಲವರು ಶಿಬಿರಕ್ಕೆ ಬಂದು, ಮಾದರಿ ತೆಗೆಯುವ ಹತ್ತಿಕಡ್ಡಿಯನ್ನು ಅವಸರದಲ್ಲಿ ಬಾಯಿಗೆ ಹಾಕಿ ತೆಗೆದು, ಸೆಲ್ಫಿ ಹೊಡೆದು ಹೋಗುತ್ತಾರೆ. ಈ ಲೇಖನ ಎರಡನೆಯವರಿಗೆ.

ತಲಸ್ಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾ, ಕೆಲವು ಬಗೆಯ ರಕ್ತ ಕ್ಯಾನ್ಸರ್ ಇರುವವರ ಅಸ್ಥಿಮಜ್ಜೆಯಲ್ಲಿ ರಕ್ತ ಸರಿಯಾಗಿ ತಯಾರಾಗುವುದಿಲ್ಲ. ಬೇರೆಯವರ ಸ್ಟೆಮ್ ಸೆಲ್ ಕೊಟ್ಟರೆ ಅಲ್ಲಿ ಹೊಸದಾಗಿ ರಕ್ತ ಹುಟ್ಟಲು ಶುರುವಾಗುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1983ರಲ್ಲೇ ಇಂಥ ಕಸಿ ನಡೆದಿತ್ತು. ಬ್ಲಡ್ ಗ್ರೂಪ್ ಹೊಂದಿದರೆ ಸಾಲದು, ಕೋಶಗಳ ಮೇಲಿನ ಎಚ್‌ಎಲ್‌ಎ ಎಂಬ ಗುರುತು ಹೊಂದಬೇಕು. ಒಡಹುಟ್ಟಿದ ಒಬ್ಬರದ್ದು ಪೂರ್ತಿ ಹೊಂದುವ ಸಾಧ್ಯತೆ ಶೇ 25 ಮಾತ್ರ. ಮನೆಯಲ್ಲಿ ಸಿಗದಿದ್ದರೆ ದಾನಿಗಳ ಪಟ್ಟಿಯಲ್ಲಿ ಹುಡುಕಬೇಕಾಗುತ್ತದೆ.

ಹಂತ 1: ವಯಸ್ಸು 18 ತುಂಬಿರಬೇಕು. ಇಂಥ ಪಟ್ಟಿ ಇಡುವ ದಾತ್ರಿ ಸಂಸ್ಥೆಯಲ್ಲಿ 50ರವರೆಗೆ, ಡಿಕೆಎಂಎಸ್ ಇಂಡಿಯಾದಲ್ಲಿ 55ರವರೆಗೆ ಹೆಸರು ಕೊಡಬಹುದು. ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿದರೆ ಕಿಟ್ ಮನೆಗೇ ಬರುತ್ತದೆ.

ಹಂತ 2: ಕೆಡುವುದು ಇಲ್ಲೇ. ಕಿಟ್‌ನಲ್ಲಿ ಎಚ್‌ಎಲ್‌ಎ ಪರೀಕ್ಷೆಗೆ ಮಾದರಿ ತೆಗೆಯಲು ಹತ್ತಿ ಸುತ್ತಿದ ಕಡ್ಡಿಗಳಿರುತ್ತವೆ. ಎಲೆಯಡಿಕೆ ಹಾಕಿಕೊಂಡ ಬಾಯಿಗೆ ಆ ಕಡ್ಡಿ ಇಟ್ಟರೆ ಹತ್ತಿ ಕೆಂಪಾಗಿ ಬರುತ್ತದೆ. ನಮ್ಮದು ಅಡಿಕೆ ಊರು, ನೋಡಿ ನೋಡಿ ಸಾಕಾಗಿದೆ. ಗುಟ್ಕಾ, ಸಿಗರೇಟು, ಚಹಾ ಯಾವುದೂ ಬೇಡ. ಕೊನೆಗೆ ಏನಾದರೂ ತಿಂದು ಅರ್ಧ ಗಂಟೆಯಾದರೂ ಆಗಿರಲಿ. ಎಲೆ ತಿನ್ನುವವರು ಇನ್ನೂ ಜಾಸ್ತಿ ಹೊತ್ತು ಬಿಡಿ. ನೀರಿನಿಂದ ಚೆನ್ನಾಗಿ ಮುಕ್ಕಳಿಸಿ, ಉಗುಳು ಬಿಳಿಯಾಗಿ ಬರುವವರೆಗೆ.

ಕೈ ತೊಳೆದು ಕಡ್ಡಿಯ ಹಿಡಿ ಮಾತ್ರ ಹಿಡಿಯಿರಿ. ಹತ್ತಿಗೆ ಬೆರಳು ತಾಗಿದರೆ ನಿಮ್ಮ ಬೆರಳಲ್ಲಿದ್ದದ್ದೆಲ್ಲ ಅದಕ್ಕೆ ಹತ್ತುತ್ತದೆ. ಕೆನ್ನೆಯ ಒಳಭಾಗಕ್ಕೆ ಒತ್ತಿ, ಮೇಲೆ ಕೆಳಗೆ ಉಜ್ಜಿ, ಕಡ್ಡಿಯನ್ನು ತಿರುಗಿಸುತ್ತಾ ಇರಿ. ಹೊರಗಿನಿಂದ ನೋಡಿದರೆ ಕೆನ್ನೆ ಉಬ್ಬಿ ಕಾಣಬೇಕು, ಅಷ್ಟು ಒತ್ತಡ ಸಾಕು. ಬೇಕಾದದ್ದು ಎಂಜಲಲ್ಲ, ಕೆನ್ನೆಯ ಚರ್ಮದಿಂದ ಕಿತ್ತು ಬರುವ ಕೋಶಗಳು. ನಾಲಿಗೆ ಮೇಲೆ ಸುಮ್ನೆ ಆಡಿಸಿದರೆ ಪ್ರಯೋಜನವಿಲ್ಲ. ಒಂದು ನಿಮಿಷ ಎಂದರೆ ಗಡಿಯಾರ ನೋಡಿ ಒಂದು ನಿಮಿಷ. ಹತ್ತು ಸೆಕೆಂಡಿಗೇ ಮುಗಿಸಿ "ಆಯ್ತು ಸರ್" ಎನ್ನುವವರ ಮಾದರಿಯಲ್ಲಿ ಕೋಶ ಸಾಲದೆ ಮತ್ತೆ ಕಿಟ್ ಕಳಿಸಬೇಕಾಗುತ್ತದೆ. ಕಡ್ಡಿಗಳನ್ನು ಅವರೇ ಕೊಟ್ಟ ಕಾಗದದ ಕವರಿಗೆ ಹಾಕಿ. ಚೊಕ್ಕವಾಗಿರಲಿ ಎಂದು ಪ್ಲಾಸ್ಟಿಕ್‌ನಲ್ಲಿ ಕಟ್ಟಬೇಡಿ, ನಮ್ಮ ಮಳೆಗಾಲಕ್ಕೆ ಬೂಸ್ಟು ಬರುತ್ತದೆ.

ಇಲ್ಲಿಯೇ ಒಂದು ಮಾತು. ನೆಟ್‌ವರ್ಕ್ ಮಾರ್ಕೆಟಿಂಗ್‌ನವರು ಮಾರುವ ಸ್ಟೆಮ್ ಸೆಲ್ ಪುಡಿಗೂ ಈ ಚಿಕಿತ್ಸೆಗೂ ಸಂಬಂಧವೇ ಇಲ್ಲ. ಕುಡಿದ ಪುಡಿ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಮಜ್ಜೆಗೆ ಹೋಗುವುದಿಲ್ಲ. ಮುಂದೆ ಮಗುವಿಗೇ ಬೇಕಾದೀತು, ಹೆರಿಗೆಯ ಹೊತ್ತಿಗೆ ಸ್ಟೆಮ್ ಸೆಲ್ ಇರುವ ಹೊಕ್ಕುಳಬಳ್ಳಿಯ ರಕ್ತ ಇಡಿಸಿ ಎಂದು ಖಾಸಗಿ ಬ್ಯಾಂಕುಗಳು ದೊಡ್ಡ ಮೊತ್ತ ಕೇಳುತ್ತವೆ. ಮಗುವಿಗೆ ತಲಸ್ಸೇಮಿಯಾ ಇದ್ದರೆ ಅದರದ್ದೇ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರುತ್ತದೆ ಅಲ್ವಾ? ಇಂಥ ಖಾಸಗಿ ಶೇಖರಣೆಯನ್ನು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಕೂಡ ಶಿಫಾರಸು ಮಾಡುವುದಿಲ್ಲ. ಆಟಿಸಂಗೆ, ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಎನ್ನುವ ಬೋರ್ಡು ಕಂಡರೆ ಅಲ್ಲಿಂದ ಹೊರಡಿ.

ಹಂತ 3: ಮನೆಯಲ್ಲಿ ಹೇಳಿ. ಕಡ್ಡಿ ಅಂಚೆಗೆ ಹಾಕುವ ಮೊದಲೇ ಹೇಳಬೇಕು. "ಬೆನ್ನುಮೂಳೆಗೆ ಸೂಜಿ ಚುಚ್ಚುತ್ತಾರಂತೆ ಮಗಾ, ಮತ್ತೆ ತೋಟದ ಕೆಲಸ ಮಾಡ್ಲಿಕ್ಕೆ ಆಗುವುದಿಲ್ಲ ಅಂತೆ" ಎನ್ನುವ ಅಜ್ಜಿ ಎಲ್ಲ ಮನೆಯಲ್ಲೂ ಇರುತ್ತಾರೆ. ಅವರಿಗೆ ಹೀಗೆ ಹೇಳಿ: ಬೆನ್ನುಹುರಿಯನ್ನು ಮುಟ್ಟುವುದೇ ಇಲ್ಲ. ಹೊಂದುವ ರೋಗಿ ಸಿಕ್ಕರೆ, ಸ್ಟೆಮ್ ಸೆಲ್ ಮಜ್ಜೆಯಿಂದ ರಕ್ತಕ್ಕೆ ಇಳಿದು ಬರಲಿ ಎಂದು ಹೆಚ್ಚಿನವರಿಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಆಗ ಮೈಕೈ ನೋವು, ತಲೆನೋವು ಬರಬಹುದು. ಆಮೇಲೆ ಒಂದು ಕೈಯಿಂದ ರಕ್ತ ತೆಗೆದು, ಯಂತ್ರದಲ್ಲಿ ಸ್ಟೆಮ್ ಸೆಲ್ ಬೇರ್ಪಡಿಸಿ, ಉಳಿದ ರಕ್ತವನ್ನು ಇನ್ನೊಂದು ಕೈಗೆ ವಾಪಸ್ ಬಿಡುತ್ತಾರೆ. ಸಾಮಾನ್ಯವಾಗಿ ಮೂರರಿಂದ ಐದು ಗಂಟೆಯ ಕೆಲಸ. ಕೆಲವೊಮ್ಮೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುವುದೂ ಉಂಟು, ಅದಕ್ಕೆ ಅರಿವಳಿಕೆ ಕೊಡುತ್ತಾರೆ. ದಾನಿಗೆ ಖರ್ಚಿಲ್ಲ. ಕೊಟ್ಟ ಸ್ಟೆಮ್ ಸೆಲ್ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಒಪ್ಪದಿದ್ದರೆ ಈಗಲೇ ಬೇಡ ಎನ್ನಿ, ಯಾರೂ ಬೈಯುವುದಿಲ್ಲ. ಕಸಿಗೆ ಮುಂಚೆ ರೋಗಿಗೆ ಜೋರಾದ ಔಷಧಿ ಕೊಟ್ಟು ಹಳೆಯ ಮಜ್ಜೆಯನ್ನು ಸುಟ್ಟು ಹಾಕಿರುತ್ತಾರೆ. ಅಷ್ಟಾದ ಮೇಲೆ ನೀವು ಹಿಂದೆ ಸರಿದರೆ ಆ ರೋಗಿಯ ಜೀವಕ್ಕೇ ಅಪಾಯ.

ಹಂತ 4: ಫೋನ್ ನಂಬರ್. ನಿಮ್ಮದು ಒಬ್ಬ ರೋಗಿಗೆ ಹೊಂದಿತು ಎಂಬ ಕರೆ ತಿಂಗಳಲ್ಲಿ ಬರಬಹುದು, ವರ್ಷಗಳ ಮೇಲೆ ಬರಬಹುದು, ಬಾರದೆಯೂ ಇರಬಹುದು. ನಮ್ಮ ಹುಡುಗರು ಅಷ್ಟರಲ್ಲಿ ದುಬೈಗೋ ಮಸ್ಕತ್‌ಗೋ ಹೋಗಿ, ಊರಿನ ಸಿಮ್ ಸತ್ತಿರುತ್ತದೆ. ನಂಬರ್ ಬದಲಾದರೆ ಸಂಸ್ಥೆಗೆ ಒಂದು ಇ-ಮೇಲ್ ಹಾಕಿ. ಫಾರ್ಮಿನಲ್ಲಿ ಎರಡನೇ ನಂಬರ್ ಊರಲ್ಲೇ ಇರುವ, ಫೋನ್ ಎತ್ತುವ ಅಕ್ಕನದ್ದೋ ಚಿಕ್ಕಪ್ಪನದ್ದೋ ಇರಲಿ. ಗೆಳೆಯನದ್ದು ಕೊಡಬೇಡಿ, ಅವನೂ ನಿಮ್ಮ ಜೊತೆಗೇ ವಿಮಾನ ಹತ್ತುವವನು.